ಓದಿದವರಿಗೊಂದು ನಮಸ್ಕಾರ

ಹೊಲಿಗೆ ಮೆಷಿನ್ನಿನ ಮುಂದೆ ಕೂತ ಎಡ್ನಾ ಬಿಳಿ ನಿಲುವಂಗಿಯ ಕೆಳಗಿನ ಅಂಚನ್ನು ಮಡಿಸಿ, ಆ ಮಡಿಕೆಯೊಳಗೆ ಒಂದೊಂದೇ ಸೀಸದ ಗುಂಡನ್ನಿಟ್ಟು ಹೊಲಿಯುತ್ತಿದ್ದರು. ಗಾಳದ ದಾರ ಮುಳುಗಲಿ ಎಂದು ಕಟ್ಟುವ ಗುಂಡುಗಳು ಅವು. ಗಂಡನ ಗಾಳದ ಪೆಟ್ಟಿಗೆಯಿಂದ ಕೇಳದೆ ಎತ್ತಿಕೊಂಡು ಬಂದಿದ್ದರು.

"ಇವೆಲ್ಲ ಯಾಕೆ?" ಎಂದು ಕೇಳಿದಳು ವಸುಧಾ.

"ಕೊಳಕ್ಕೆ ಇಳಿದ ತಕ್ಷಣ ಬಟ್ಟೆ ಕೊಡೆ ಬಿಚ್ಚಿದ ಹಾಗೆ ಮೇಲೆ ತೇಲುತ್ತೆ ಮಗಳೇ. ದಡದ ಮೇಲೆ ಇಡೀ ಚರ್ಚು ನಿಂತಿರುತ್ತೆ. ನನ್ನ ದೀಕ್ಷಾಸ್ನಾನದ ದಿನ ನಮ್ಮಮ್ಮ ಗುಂಡು ಹೊಲಿಯೋದು ಮರೆತುಬಿಟ್ಟಿದ್ದಳು. ಅವತ್ತು ನನ್ನ ಮೊಣಕಾಲು ನೋಡಿದವರಲ್ಲಿ ಕೆಲವರು ಇನ್ನೂ ಬದುಕಿದ್ದಾರೆ. ಎದುರು ಸಿಕ್ಕರೆ ಈಗಲೂ ನಗ್ತಾರೆ."

ವಸುಧಾಳಿಗೂ ನಗು ಬಂತು. ಎಡ್ನಾ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಸೀರೆಯ ಮೇಲೆಯೇ ನಿಲುವಂಗಿ ತೊಡಿಸಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಸುತ್ತಲೂ ಮಂಡಿಯಲ್ಲೇ ತೆವಳಿ ಅಳತೆ ನೋಡಿದರು. ತಾಯಿಯ ವಯಸ್ಸಿನ ಹೆಂಗಸು ತನ್ನ ಪಾದದ ಹತ್ತಿರ ಹೀಗೆ ತೆವಳುವುದನ್ನು ನೋಡಲಾರದೆ ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಬಟ್ಟೆಯ ಅಂಚು ಹಿಮ್ಮಡಿಗೆ ಬಡಿದಾಗ ಸೀಸ ತಣ್ಣಗೆ ತಾಕಿತು.

"ಭಾರ ಅನ್ಸುತ್ತಾ?"

"ಇಲ್ಲ" ಎಂದಳು. ಆ ತಿಂಗಳು ಅವಳು ಆಡಿದ ಸುಳ್ಳುಗಳಲ್ಲಿ ಅದು ಅತಿ ಚಿಕ್ಕದು.

ಎಪ್ಪತ್ತೊಂದನೆಯ ಇಸವಿಯ ಬೇಸಿಗೆ ಅದು. ಅಮೆರಿಕದ ಮಿಶಿಗನ್ ರಾಜ್ಯದ ಕ್ಯಾಂಟನ್ನಿನಲ್ಲಿ ಆಗಿನ್ನೂ ಹೊಸ ಮನೆಗಳ ಸಾಲು ಬಂದಿರಲಿಲ್ಲ. ಕಣ್ಣು ಹಾಯಿಸಿದಷ್ಟು ದೂರಕ್ಕೂ ಮುಸುಕಿನ ಜೋಳ, ನಡುನಡುವೆ ದನದ ಕೊಟ್ಟಿಗೆ, ಜಲ್ಲಿ ರಸ್ತೆ, ರಸ್ತೆ ಕೂಡುವಲ್ಲಿ ಒಂದು ಬಿಳಿ ಹಲಗೆಯ ಬ್ಯಾಪ್ಟಿಸ್ಟ್ ಚರ್ಚು. ವಸುಧಾಳ ಗಂಡ ಚಂದ್ರಮೌಳಿ ಡೆಟ್ರಾಯ್ಟ್ ಕಡೆಯ ಒಂದು ಕಾರಿನ ಬಿಡಿಭಾಗದ ಕಂಪನಿಯಲ್ಲಿ ಎಂಜಿನಿಯರು. ಎಡ್ನಾ ಮತ್ತು ಹಾರ್ಲನ್ ದಂಪತಿಯ ಹೊಲದ ಹಿಂಬದಿಯಲ್ಲಿ, ಮೊದಲು ಆಳುಮಕ್ಕಳು ಇರುತ್ತಿದ್ದ ಎರಡು ಕೋಣೆಯ ಮನೆಯನ್ನು ಅವನು ಬಾಡಿಗೆಗೆ ಹಿಡಿದಿದ್ದ. ಇದ್ದ ಒಂದು ಕಾರನ್ನು ಬೆಳಿಗ್ಗೆ ಅವನು ಡ್ರೈವ್ ಮಾಡಿಕೊಂಡು ಹೋದನೆಂದರೆ ವಸುಧಾಳಿಗೆ ಉಳಿಯುತ್ತಿದ್ದುದು ಜೋಳದ ಎಲೆಗಳ ಸರಸರ ಸದ್ದು, ಸಕ್ಕರೆ ಡಬ್ಬದ ಪಕ್ಕದ ಗೂಡಿನಲ್ಲಿ ಕೂತ ದೇವರು, ಮತ್ತು ಎಡ್ನಾ.

ಒಂದು ಭಾನುವಾರ ಎಡ್ನಾ ಪಿಕಪ್ ನಿಲ್ಲಿಸಿ, "ಒಬ್ಬಳೇ ಮನೇಲಿ ಕೂತು ಏನು ಮಾಡ್ತೀಯ ವಸು, ಬಾ, ನಮ್ಮ ಪಾಸ್ಟರ್ ಮಾತಾಡೋದು ಕೇಳು" ಎಂದು ಕರೆದಿದ್ದರು. ಗಂಡಸಿನ ಹೆಸರಿನ ಹಾಗೆ ಅವಳನ್ನು 'ವಸು' ಎಂದು ಚಿಕ್ಕದು ಮಾಡಿದವರೂ ಅವರೇ. ವಸುಧಾ ಹೋದಳು. ದೇವರ ಮಾತು ಎಲ್ಲಿ ಆಡಿದರೂ ದೇವರ ಮಾತೇ ಎಂದು ನಂಬಿದ ಮನೆಯಲ್ಲಿ ಬೆಳೆದವಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಅಲ್ಲಿ ಪಾಸ್ಟರ್ ವಿಲ್ಬರ್ ಅವರ ದನಿ ಕೇಳಿದಳು.

ವಾರದ ಉಳಿದ ದಿನ ಹಾಲಿನ ಲಾರಿ ಓಡಿಸುವ ಮನುಷ್ಯ. ಕೆಂಟಕಿಯ ಬೆಟ್ಟದ ಕಡೆಯವರು. ಉದ್ದನೆಯ ಕೈ, ಸುಟ್ಟ ಕುತ್ತಿಗೆ, ಮೈಗೆ ಹೊಂದದ ಕೋಟು. ಅವರ ಇಂಗ್ಲಿಷು ವಸುಧಾಳಿಗೆ ಅರ್ಧ ತಿಳಿದರೆ ಹೆಚ್ಚು. ಮೊದಲು ಮೆಲ್ಲಗೆ ಮಾತಿನಂತೆ ಶುರುವಾಗುವುದು. ಆಮೇಲೆ ಎಲ್ಲೋ ಒಂದು ಕಡೆ, ಯಾವಾಗ ಎಂದು ಹಿಡಿಯಲಾಗದ ಹಾಗೆ, ಮಾತಿಗೆ ಏರಿಳಿತ ಬರುವುದು. ಒಂದು ಸಾಲು ಮೇಲೆ ಹೋಗಿ ತಡೆದು ನಿಲ್ಲುವುದು, ಮುಂದಿನ ಸಾಲು ಅದನ್ನು ಕೈಹಿಡಿದು ಇಳಿಸುವುದು, ಸಾಲಿನ ತುದಿಗೆ ಉಸಿರು ಎಳೆದುಕೊಂಡ ಸದ್ದು ತಾಳದ ಪೆಟ್ಟಿನ ಹಾಗೆ ಬೀಳುವುದು. ವಸುಧಾಳ ಮೈ ಜುಮ್ಮೆಂದಿತು. ಇದು ಮಾತಲ್ಲ, ವಾಚನ!

ಮೈಸೂರಿನ ಅವಳ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅವಳ ತಂದೆ ಕಾವ್ಯ ಓದುತ್ತಿದ್ದರು. ಬೀದಿಯ ಜನ ಬಂದು ಪಡಸಾಲೆಯಲ್ಲಿ ಕೂರುತ್ತಿದ್ದರು. ಕಂಬಕ್ಕೆ ಒರಗಿ ಕೂತ ಅವಳಿಗೆ ಅಕ್ಷರ ಬರುವ ಮೊದಲೇ ಷಟ್ಪದಿ ಬಂದಿತ್ತು. ಅರ್ಥ ಆಗಲಿ ಆಗದಿರಲಿ, ಯಾವ ಪದ್ಯಕ್ಕೆ ಅಳಬೇಕು ಎಂದು ರಾಗವೇ ಹೇಳಿಕೊಡುತ್ತಿತ್ತು. ಕೊನೆಗೆ ಮಂಗಳ ಹಾಡುವಾಗ ಕೇಳಿದವರು ಒಬ್ಬೊಬ್ಬರಾಗಿ ಎದ್ದು ಮುಂದೆ ಬಂದು, ಪೀಠದ ಮೇಲಿನ ಗ್ರಂಥಕ್ಕೂ ಓದಿದವರಿಗೂ ನಮಸ್ಕಾರ ಮಾಡಿ, ಒಂದು ಹೂವಿನ ಎಸಳು ತೆಗೆದುಕೊಂಡು ಹೋಗಬೇಕು. ಒಮ್ಮೆ ನಿದ್ದೆಗಣ್ಣಲ್ಲಿ ಅವಳು ಹಾಗೇ ಎದ್ದು ಒಳಗೆ ಹೋಗಿದ್ದಳು. ತಂದೆ ಬೈಯಲಿಲ್ಲ. "ಕೇಳಿ ಹಾಗೇ ಎದ್ದುಹೋದರೆ ಕೇಳಿದ್ದು ದಕ್ಕೋದಿಲ್ಲ ಮಗು" ಎಂದರು, ಅಷ್ಟೆ.

ಆಗಸ್ಟ್ ತಿಂಗಳಲ್ಲಿ, ಜೋಳದ ಕಟಾವು ಬಿರುಸಾಗುವ ಮೊದಲು, ಚರ್ಚಿನಲ್ಲಿ ವಾರವಿಡೀ ಸಂಜೆ ಕೂಟ ನಡೆಯಿತು. ರಿವೈವಲ್ ಎನ್ನುತ್ತಿದ್ದರು. ಹೊರಗಿನ ದೊಡ್ಡ ಬೋಧಕರನ್ನು ಕರೆಸುವ ಶಕ್ತಿ ಇಲ್ಲದ ಚರ್ಚು. ಏಳೂ ದಿನ ಪಾಸ್ಟರ್ ವಿಲ್ಬರ್ ಅವರೇ ಮಾತಾಡಿದರು. ಕೊನೆಯ ಸಂಜೆ ಅವರು ಹೇಳಿದ್ದು ಮನೆಯಿಂದ ಹೊರಹಾಕಿಸಿಕೊಂಡ ಒಬ್ಬ ತಾಯಿಯ ಕಥೆ. ಮರಳುಗಾಡು. ನೀರು ಮುಗಿದಿದೆ. ಮಗು ಸಾಯುವುದನ್ನು ನೋಡಲಾರದೆ ಅವಳು ಅದನ್ನು ಪೊದೆಯ ಕೆಳಗೆ ಮಲಗಿಸಿ, ಬಾಣ ಹೋಗುವಷ್ಟು ದೂರ ಹೋಗಿ ಕೂತು ಅಳುತ್ತಾಳೆ. ಆ ಸಾಲಿನಲ್ಲಿ ಪಾಸ್ಟರ್ ಅವರ ದನಿ ಏರಿತು, ಏರಿದ ಕಡೆಯೇ ನಡುಗಿ ನಿಂತಿತು. ಬಳೆ ಸದ್ದಾಗದಂತೆ ವಸುಧಾ ಕೈ ಬಿಗಿಹಿಡಿದು ಕೂತಿದ್ದಳು. ದೇವರು ಆ ತಾಯಿಯ ಕಣ್ಣು ತೆರೆಸುತ್ತಾನೆ. ಹತ್ತಿರದಲ್ಲೇ ನೀರಿನ ಬಾವಿ ಇರುತ್ತದೆ. ದನಿ ಇಳಿಯಿತು. ಪಿಯಾನೋ ಮೆಲ್ಲಗೆ ಶುರುವಾಯಿತು, ಜನ ಎದ್ದು ನಿಂತು ಹಾಡತೊಡಗಿದರು. ಪಾಸ್ಟರ್ ಎರಡೂ ಕೈ ಚಾಚಿ, "ಬರುವವರು ಬನ್ನಿ, ಮುಂದೆ ಬನ್ನಿ" ಎಂದರು.

ಮಂಗಳವಲ್ಲದೆ ಇನ್ನೇನು ಅದು? ವಸುಧಾ ಸೆರಗು ಹೊದ್ದು, ಚಪ್ಪಲಿ ಬೆಂಚಿನ ಕೆಳಗೆ ಬಿಟ್ಟು, ಬರಿಗಾಲಲ್ಲಿ ನಡುವಿನ ದಾರಿಯಲ್ಲಿ ನಡೆದಳು. ಬೇರೆ ಯಾರೂ ಏಕೆ ಬರುತ್ತಿಲ್ಲ ಎಂದು ಒಂದು ಕ್ಷಣ ಅನಿಸಿತು. ಹಿರಿಯರು ಆಮೇಲೆ ಬರಬಹುದು ಅಂದುಕೊಂಡಳು. ಪಾಸ್ಟರ್ ಮೆಟ್ಟಿಲಿಳಿದು ಬಂದರು. ಅವಳು ಬಗ್ಗಿ ಪಾದಕ್ಕೆ ಕೈ ಚಾಚಿದಳು. ಪಾದ ಸಿಗಲಿಲ್ಲ. ಅವಳು ಮಂಡಿಯೂರುತ್ತಿದ್ದಾಳೆ ಎಂದು ತಿಳಿದು ಅವರೂ ಎದುರಿಗೆ ಮಂಡಿಯೂರಿಬಿಟ್ಟಿದ್ದರು. ದೊಡ್ಡ ಕೈಯನ್ನು ಅವಳ ತಲೆಯ ಮೇಲಿಟ್ಟು ಕಿವಿಯ ಹತ್ತಿರ ಏನೋ ಕೇಳಿದರು. ಅವರ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಒಳ್ಳೆಯ ಪದ್ಯ ಕೇಳಿದ ಮೇಲೆ ತಲೆದೂಗುವ ಹಾಗೆ ವಸುಧಾ ತಲೆದೂಗಿದಳು.

ಹಿಂತಿರುಗುವಷ್ಟರಲ್ಲಿ ಚರ್ಚಿಗೆ ಚರ್ಚೇ ಅಳುತ್ತಿತ್ತು. ಮುದುಕಿಯರು ಒಬ್ಬರಾದ ಮೇಲೊಬ್ಬರು ಬಂದು ತಬ್ಬಿಕೊಂಡರು. ಈ ದೇಶಕ್ಕೆ ಬಂದ ಮೇಲೆ ಅವಳನ್ನು ಯಾರೂ ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ.

ಪಿಕಪ್ಪಿನಲ್ಲಿ ಮನೆಗೆ ಬರುವಾಗ ಎಡ್ನಾ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ ಹೇಳಿದರು: "ನಾನು ಹುಡುಗಿಯಾಗಿದ್ದಾಗಿಂದ ಪ್ರತಿ ಗುರುವಾರ ಚರ್ಚಿನ ಹೆಂಗಸರೆಲ್ಲ ಕೂತು ಹಳೇ ದುಪ್ಪಟಿ ಹರಿದು ಬ್ಯಾಂಡೇಜ್ ಸುತ್ತಿದೀವಿ ವಸು. ಪೆಟ್ಟಿಗೆ ಪೆಟ್ಟಿಗೆ ನಿಮ್ಮ ದೇಶದ ಮಿಷನ್ ಆಸ್ಪತ್ರೆಗೆ ಹೋಯ್ತು. ಯಾರ ಗಾಯಕ್ಕೆ ಕಟ್ಟಿದರೋ, ಅವರು ಬದುಕಿದರೋ ಇಲ್ಲವೋ, ಒಂದು ದಿನವೂ ಗೊತ್ತಾಗಲಿಲ್ಲ. ಇವತ್ತು ದೇವರು ನನಗೆ ಉತ್ತರ ಕೊಟ್ಟ. ಸೆಪ್ಟೆಂಬರ್ ಮೊದಲನೇ ಭಾನುವಾರ ನಮ್ಮ ಕೊಳದಲ್ಲೇ ನಿನ್ನ ದೀಕ್ಷಾಸ್ನಾನ. ಅಷ್ಟರೊಳಗೆ ನೀರು ತಣ್ಣಗಾಗೋದಿಲ್ಲ."

ಆಗ ವಸುಧಾಳಿಗೆ ತಾನು ಏನು ಮಾಡಿದೆ ಎಂಬುದು ತಿಳಿಯಿತು: ಅಲ್ಲಿ ಎದ್ದು ಮುಂದೆ ಹೋಗುವುದೆಂದರೆ ಅವರ ದೇವರಿಗೆ ಒಪ್ಪಿಸಿಕೊಳ್ಳುವುದು. ಬಾಯಿ ತೆರೆದಳು. ಎಡ್ನಾ ಮೂಗು ಸೀಟಿಕೊಂಡು ನಕ್ಕರು. ತೆರೆದ ಬಾಯಿ ಮುಚ್ಚಿಕೊಂಡಿತು.

ಚಂದ್ರಮೌಳಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಲ್ಲ ಕಣೆ, ಮಂಗಳಾರತಿ ತಗೊಳ್ಳೋಕೆ ಹೋಗಿ ಮತಾನೇ ಬದಲಾಯಿಸ್ಕೊಂಡು ಬಂದ್ಯಾ! ನಿಮ್ಮಪ್ಪಂಗೆ ನಾನೇನಂತ ಬರೀಲಿ?"

"ರೀ, ನಗಬೇಡಿ. ನನಗೆ ಊಟ ಸೇರ್ತಿಲ್ಲ."

"ಸರಿ, ನಗಲ್ಲ. ಈಗೇನಾಗ್ಬೇಕು? ಹೋಗಿ ಒಂದು ಸಲ ಮುಳುಗಿ ಎದ್ದು ಬಾ. ಶ್ರೀರಂಗಪಟ್ಟಣದ ಸಂಗಮದಲ್ಲಿ ಮೂಗು ಹಿಡ್ಕೊಂಡು ಮುಳುಗಿರ್ಲಿಲ್ವಾ? ಇದು ಮಿಶಿಗನ್ ಸಂಗಮ. ಚಳಿಗಾಲದಲ್ಲಿ ನಮ್ಮ ಬಾಗಿಲ ಮುಂದಿನ ಸ್ನೋ ತೆಗೆದುಕೊಡೋರು ಎಡ್ನಾ ಮನೆಯೋರೇ, ನೆನಪಿರ್ಲಿ."

"ನೀರಿಗೆ ಇಳಿಸೋ ಮುಂಚೆ ಕೇಳ್ತಾರಂತೆ. ಎಲ್ಲರ ಎದುರಿಗೆ. ಇನ್ನು ನಿನಗೆ ಇವನೊಬ್ಬನೇ ದೇವರಾ ಅಂತ. ಹೌದು ಅನ್ಬೇಕಂತೆ."

"ಅನ್ನು."

"ಬೆಳಿಗ್ಗೆ ಗೂಡಲ್ಲಿ ದೀಪ ಹಚ್ಚಿಟ್ಟು ಹೋಗಿ ಅಲ್ಲಿ ಹೇಗೆ ಅನ್ಲಿ?"

ಚಂದ್ರಮೌಳಿ ಕಾಫಿ ಲೋಟ ಕೆಳಗಿಟ್ಟ. "ಹಾಗಾದ್ರೆ ಇಲ್ಲ ಅನ್ನು. ಇವತ್ತೇ ಹೋಗಿ ಅನ್ನು. ನಾನೂ ಬರ್ತೀನಿ ಬೇಕಾದ್ರೆ."

ವಸುಧಾ ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಬಂದಾಗ ಎಡ್ನಾ ಬಟ್ಟೆ ಅಂಗಡಿಗೆ ಹೋಗಿ ಬಿಳಿ ಬಟ್ಟೆ ತಂದರು. ಅದರ ಮಾರನೆಯ ದಿನ ಪಾಸ್ಟರ್ ಹಾಲಿನ ಲಾರಿಯನ್ನು ಮನೆ ಮುಂದೆ ನಿಲ್ಲಿಸಿ, ಇಳಿಯದೆಯೇ ಕಿಟಕಿಯಿಂದ ಒಂದು ಸೀಸೆ ಕೆನೆ ಕೊಟ್ಟು, "ನಿನ್ನ ಹೆಸರು ಹೇಳಿ ಪ್ರಾರ್ಥನೆ ಮಾಡ್ತಿದೀನಿ" ಎಂದು ಹೋದರು. ಆ ಕೆನೆಯನ್ನು ಕಡೆದು ತುಪ್ಪ ಕಾಯಿಸಿ, ದೇವರ ದೀಪಕ್ಕೆ ಹಾಕಲೋ ಬೇಡವೋ ಎಂದು ಅವಳು ಬಹಳ ಹೊತ್ತು ಒಲೆಯ ಮುಂದೆ ನಿಂತಿದ್ದಳು. ಕೊನೆಗೆ ಎಣ್ಣೆಯನ್ನೇ ಹಾಕಿದಳು. ಬೆಳಗಿನ ಹೊತ್ತು ಹೇಳಿಕೊಳ್ಳುವ ಸ್ತೋತ್ರ ಎರಡನೆಯ ಸಾಲಿಗೇ ತಡೆಯುತ್ತಿತ್ತು. ಗೂಡಿನ ದೇವರಿಗೂ ಮುಖ ತೋರಿಸಲಾಗದು, ಚರ್ಚಿನ ದೇವರಿಗೂ ತೋರಿಸಲಾಗದು. ಎರಡೂ ಮನೆಯ ಬಾಗಿಲಲ್ಲಿ ನಿಂತು ಎರಡೂ ಕಡೆ ಸುಳ್ಳು ಹೇಳಿದವಳ ಹಾಗೆ ಅವಳು ಅಡುಗೆಮನೆಯಲ್ಲಿ ಓಡಾಡಿದಳು.

ದೀಕ್ಷಾಸ್ನಾನಕ್ಕೆ ಇನ್ನೆರಡು ದಿನವಿದ್ದಾಗ ಡಾಕ್ಟರ್ ದಾನಪ್ಪನವರ ತಾಯಿ ರುದ್ರಮ್ಮ ಬಂದರು. ದಾನಪ್ಪ ಡೆಟ್ರಾಯ್ಟಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಗದಗಿನ ಕಡೆಯ ಡಾಕ್ಟರು. ಆ ಸುತ್ತಿನಲ್ಲಿ ಕನ್ನಡ ಮಾತಾಡುವ ಮನೆಗಳೇ ಬೆರಳೆಣಿಕೆಯಷ್ಟು. ಎಡ್ನಾ ರಸ್ತೆ ಬದಿಯಲ್ಲಿ ಇಡುತ್ತಿದ್ದ ಜೋಳದ ತೆನೆ ಎಂದರೆ ರುದ್ರಮ್ಮನವರಿಗೆ ಪ್ರಾಣ. ಮಗನನ್ನು ತೆನೆ ಆರಿಸಲು ಕಳಿಸಿ, ತಾವು ವಸುಧಾಳ ಅಡುಗೆಮನೆಯ ಕುರ್ಚಿಯಲ್ಲಿ ಕಾಲು ಮಡಿಚಿ ಕೂತರು.

"ಏನವಾ, ಕೆರಿಗೆ ಇಳಿಯಾಕಿ ಅಂತಲ್ಲ? ನಿನ್ನ ಗಂಡ ನನ್ನ ಮಗಗ ಫೋನಿನ್ಯಾಗ ಹೇಳ್ಯಾನ. ಸೀರಿ ಉಟ್ಟು ಇಳೀತೀಯೋ, ಅವರ ಅಂಗಿ ಹಾಕ್ಕೊಂಡು ಇಳೀತೀಯೋ?"

"ಅಮ್ಮ, ನೀವೂ ನಗ್ತೀರಾ?"

"ನಗೂದು ಬಿಟ್ಟು ಅಳಲೇನು? ಅದಿರಲಿ, ಆ ಪಾದ್ರಿ ಭಾಳ ಛಂದ ಹಾಡಿಧಂಗ ಹೇಳ್ತಾನಂತ, ಖರೇನ?"

"ಖಂಡಿತ ಅಮ್ಮ. ನಮ್ಮ ತಂದೆ ಓದಿದ ಹಾಗೇ ಇರುತ್ತೆ. ಅದಕ್ಕೇ ನಾನು ಎದ್ದು ಹೋಗಿದ್ದು. ನಮಸ್ಕಾರ ಮಾಡೋಕೆ ಹೋದೆ, ಅಷ್ಟೇ."

"ಇದನ್ನ ನನ್ನ ಮುಂದ ಯಾಕ ಹೇಳ್ತಿ? ನಾ ಏನು ಪಾದ್ರಿ ಏನು?"

"ಅವರಿಗೆ ಹೇಳಿದ್ರೆ ಮನಸ್ಸು ಮುರಿದುಹೋಗುತ್ತೆ."

"ಮುರೀತೈತಿ" ಎಂದರು ರುದ್ರಮ್ಮ, ಕೊರಳಿನ ಲಿಂಗದ ಕರಡಿಗೆಯನ್ನು ಸೀರೆಯ ಒಳಗೆ ಸರಿಸಿಕೊಳ್ಳುತ್ತ. "ನೀ ಹೇಳಿದರ ಅವಗ ನೋವು, ಹೇಳದಿದ್ದರ ನಿನಗ. ಇಬ್ಬರೊಳಗ ಯಾರಿಗೆ ಆಗಲಿ ಅಂತ ನೋಡ್ಕೋತ ಕುಂತಿ. ನಾ ಆಗಿದ್ದರ, ನನಗ ಆಗಲಿ ಅಂತ ಸುಮ್ಮನ ಮುಳುಗಿ ಎದ್ದು ಬರ್ತಿದ್ದೆನೋ ಏನೋ. ನಿನಗ ಸುಳ್ಳು ಹೇಳಂಗಿಲ್ಲವಾ, ನನಗ ಗೊತ್ತಿಲ್ಲ."

ಹೊರಗೆ ದಾನಪ್ಪ ತೆನೆಯ ಸಿಪ್ಪೆ ಸರಿಸಿ ಕಾಳು ನೋಡುತ್ತಿದ್ದುದು ಕಾಣುತ್ತಿತ್ತು.

"ಆದರ ಒಂದು ಮಾತು" ಎಂದರು ರುದ್ರಮ್ಮ. "ನೀ ಅಲ್ಲಿ ಹೂಂ ಅಂದೀ ಅಂದರ, ಅದನ್ನ ಅಂವ ತನ್ನ ದೇವರಿಗೆ ಎರಡೂ ಕೈಲೆ ಎತ್ತಿ ಒಪ್ಪಸ್ತಾನ. ತನ್ನ ಕೈಯಾಗ ಇರೂದು ಸುಳ್ಳು ಅಂತ ಆ ಬಡಪಾಯಿಗೆ ಗೊತ್ತಾ ಇರೂದಿಲ್ಲ."

ಈ ಮಾತು ವಸುಧಾಳನ್ನು ಇರಿಯಿತು. ತನ್ನ ಸುಳ್ಳನ್ನು ತಾನೇ ಹೊತ್ತುಕೊಂಡು ಇದ್ದುಬಿಡಬಹುದು ಎಂಬ ಒಂದು ಸಣ್ಣ ಕಿಂಡಿ ಇದುವರೆಗೆ ಅವಳಿಗೆ ತೆರೆದಿತ್ತು. ಈಗ ಅದೂ ಮುಚ್ಚಿತು.

ಶನಿವಾರ ಮಧ್ಯಾಹ್ನ ಪಾಸ್ಟರ್ ಕೊಳದ ಹತ್ತಿರ ಇದ್ದಾರೆ ಎಂದು ಎಡ್ನಾ ಹೇಳಿದರು. ವಸುಧಾ ಜೋಳದ ಸಾಲುಗಳ ನಡುವೆ ನಡೆದಳು. ಎಲೆಗಳ ಅಂಚು ತೋಳಿಗೆ ಗೀರಿದರೂ ಕೈ ಅಡ್ಡ ಮಾಡಲಿಲ್ಲ.

ಪಾಸ್ಟರ್ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕುಡುಗೋಲಿನಿಂದ ಜೊಂಡು ಕೊಯ್ಯುತ್ತಿದ್ದರು. ಕೊಯ್ದ ಜೊಂಡು ದಡದಲ್ಲಿ ರಾಶಿ ಬಿದ್ದಿತ್ತು. ಪಕ್ಕದಲ್ಲಿ ಒಂದು ಖಾಲಿ ತಳ್ಳುಗಾಡಿ.

"ವಸು!" ಎಂದು ಅವರು ಕೂಗಿದರು. "ಬಾ ನೋಡು. ಇಲ್ಲಿ ಬರೀ ಕೆಸರಿತ್ತು. ನೀನು ಸೀರೆಯವಳು, ಕೆಸರಿನಲ್ಲಿ ನಡೆದು ಅಭ್ಯಾಸ ಇದೆಯೋ ಇಲ್ಲವೋ ಅಂತ ಮರಳು ತಂದು ಸುರಿದೆ. ನಾಳೆ ನಿನ್ನ ಕಾಲು ಜಾರೋದಿಲ್ಲ."

"ಪಾಸ್ಟರ್, ಸ್ವಲ್ಪ ಮೇಲೆ ಬರ್ತೀರಾ?"

"ಯಾಕೆ? ಅಲ್ಲಿಂದಲೇ ಹೇಳು. ನೀರು ಬೆಚ್ಚಗಿದೆ."

"ನೀವು ನೀರಿನಲ್ಲಿ ನಿಂತಿದ್ದರೆ ನನಗೆ ಹೇಳೋಕಾಗೋದಿಲ್ಲ."

ಅವರು ಅವಳ ಮುಖ ನೋಡಿದರು. ಮೊಣಕಾಲು ಮಟ್ಟದ ನೀರಿನವರೆಗೆ ಬಂದು ಅಲ್ಲೇ ನಿಂತರು. ವಸುಧಾ ರಾತ್ರಿಯೆಲ್ಲ ಇಂಗ್ಲಿಷಿನಲ್ಲಿ ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳು ಒಂದೂ ನೆನಪಿಗೆ ಬರಲಿಲ್ಲ. ಬಂದ ಮಾತನ್ನು ಬಂದ ಹಾಗೆ ಹೇಳಿದಳು. ತಂದೆಯ ಓದು, ಪಡಸಾಲೆ, ಕಂಬ, ಮಂಗಳ, ಕೇಳಿದವರು ಎದ್ದು ಮುಂದೆ ಬರುವುದು. ಆ ಸಂಜೆ ತಾನು ಎದ್ದು ಬಂದದ್ದು ಅದಕ್ಕೆ. ಬಗ್ಗಿದ್ದು ಪಾದಕ್ಕೆ. ತಲೆ ಆಡಿಸಿದ್ದು, ಅವರು ಕೇಳಿದ್ದಕ್ಕಲ್ಲ. ಏನು ಕೇಳಿದರು ಎಂದು ತನಗೆ ಆಗ ತಿಳಿದೇ ಇರಲಿಲ್ಲ.

"ಮಾರನೇ ದಿನವೇ ಹೇಳಬೇಕಾಗಿತ್ತು. ಹೇಳಲಿಲ್ಲ. ಎಲ್ಲರೂ ನನ್ನ ಅಷ್ಟು ಪ್ರೀತಿಯಿಂದ ನೋಡ್ತಿದ್ರು. ಅದನ್ನು ನಾನು ಇಟ್ಟುಕೊಂಡೆ. ನನ್ನದಲ್ಲದ್ದನ್ನು ಇಟ್ಟುಕೊಂಡೆ."

ಕುಡುಗೋಲಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಂದರೆ ನೀನು ನಡೆದು ಬಂದದ್ದು ದೇವರ ಹತ್ತಿರಕ್ಕೆ ಅಲ್ಲ" ಎಂದರು ಪಾಸ್ಟರ್.

"ನಿಮ್ಮ ಹತ್ತಿರಕ್ಕೆ" ಎಂದಳು ವಸುಧಾ. ಅವರಿಗೆ ಇದೊಂದಾದರೂ ಸಮಾಧಾನ ಕೊಡಲಿ ಎಂದು ಆತುರದಿಂದ ಮುಂದುವರಿಸಿದಳು. "ನಿಮ್ಮ ದನಿಗೆ ಪಾಸ್ಟರ್. ಅಂಥ ದನಿ ನಾನು ಈ ದೇಶದಲ್ಲಿ ಕೇಳೇ ಇರಲಿಲ್ಲ. ಕೇಳಿ ನಮಸ್ಕಾರ ಮಾಡದೆ ಹೇಗೆ ಹೋಗಲಿ?"

ಅವಳು ಎಣಿಸಿದ್ದು ದುಃಖವನ್ನು. ಸಿಟ್ಟು ಬಂದರೆ ಅದಕ್ಕೂ ತಯಾರಾಗಿ ಬಂದಿದ್ದಳು. ಆದರೆ ಆ ಸುಟ್ಟ ಮುಖದ ಮೇಲೆ ಬಂದದ್ದು ನಾಚಿಕೆ. ಕದ್ದು ತಿನ್ನುವಾಗ ಸಿಕ್ಕಿಬಿದ್ದ ಮನುಷ್ಯನ ಹಾಗೆ ಅವರು ಕಣ್ಣು ಕೆಳಗೆ ಹಾಕಿದರು.

"ನಮ್ಮಪ್ಪನೂ ಬೋಧಕನೇ" ಎಂದರು. "ನಾನು ಮೊದಲ ಸಲ ಚರ್ಚಿನಲ್ಲಿ ಎದ್ದು ನಿಂತು ಮಾತಾಡಿದಾಗ ಜನ ಅತ್ತರು. ನಾನು ಉಬ್ಬಿಹೋದೆ. ಮನೆಗೆ ಬಂದ ಮೇಲೆ ಅಪ್ಪ ಬೂಟು ಬಿಚ್ಚುತ್ತ ಹೇಳಿದ: ವಿಲ್ಬರ್, ಅವರು ಅತ್ತದ್ದು ನಿನ್ನ ಗಂಟಲಿಗೆ. ಅದನ್ನು ಬಿಗಿ ಹಿಡಿದಿಟ್ಟುಕೊ, ಇಲ್ಲದಿದ್ದರೆ ಜನ ನಿನ್ನನ್ನು ದಾಟಿ ಮುಂದಕ್ಕೆ ಹೋಗೋದೇ ಇಲ್ಲ." ಅವರು ಕುಡುಗೋಲನ್ನು ದಡದ ಮೇಲಿಟ್ಟರು. "ನಾನು ಹಿಡಿದಿಟ್ಟುಕೊಳ್ಳಲಿಲ್ಲ ಮಗಳೇ. ದನಿ ಏರುವಾಗ ಸುಖ ಅನ್ನಿಸ್ತಿತ್ತು. ದೇವರ ಕೆಲಸ ಅಂತ ಅದಕ್ಕೆ ಹೆಸರು ಕೊಟ್ಟುಕೊಂಡೆ."

"ಅಯ್ಯೋ, ಅದು ತಪ್ಪಲ್ಲ ಪಾಸ್ಟರ್!" ವಸುಧಾ ನೀರಿನ ಅಂಚಿಗೆ ಬಂದಳು. ರಾಗವೇ ಮಾತನ್ನು ಎದೆಯೊಳಕ್ಕೆ ಕರೆತರುವುದು, ಓದಿದವರಿಗೆ ಮಾಡಿದ ನಮಸ್ಕಾರ ಅವರಲ್ಲಿ ನಿಲ್ಲುವುದಿಲ್ಲ, ಎಲ್ಲಿ ಸೇರಬೇಕೋ ಅಲ್ಲಿ ಸೇರುತ್ತದೆ ಎಂದು ಹೇಳಬೇಕಾಗಿತ್ತು. ಇಂಗ್ಲಿಷಿನಲ್ಲಿ ಅದು ಹೇಗೆ ಎಂದು ಗೊತ್ತಾಗಲಿಲ್ಲ. "ನಮ್ಮಲ್ಲಿ ಅದು ತಪ್ಪಲ್ಲ" ಎಂದಷ್ಟೇ ಮತ್ತೊಮ್ಮೆ ಹೇಳಿದಳು.

"ನಿಮ್ಮಲ್ಲಿ ಇರಲಿಕ್ಕಿಲ್ಲ" ಎಂದರು ಅವರು ಮೃದುವಾಗಿ. "ನೀನು ಮಾಡಿದ್ದರಲ್ಲಿ ಏನೂ ತಪ್ಪಿಲ್ಲ. ಬಂದು ನಿಜ ಹೇಳಿದೆಯಲ್ಲ, ಅದೇ ದೊಡ್ಡದು. ನಾಳೆ ಜನಕ್ಕೆ ನಾನೇ ಹೇಳ್ತೀನಿ."

"ನಾನೂ ಬರ್ತೀನಿ."

"ಬರಲೇಬೇಕು ಅಂತಿಲ್ಲ."

"ಬರ್ತೀನಿ" ಎಂದಳು. ಕೊಳದ ತಿಳಿಯಾದ ಒಂದು ಜಾಗದಲ್ಲಿ, ನೀರಿನ ಕೆಳಗೆ, ಅವರು ಸುರಿದ ಮರಳು ಹಳದಿಯಾಗಿ ಹರಡಿಕೊಂಡಿರುವುದು ಕಾಣುತ್ತಿತ್ತು. ಅವಳ ಎರಡು ಪಾದಕ್ಕೆಂದು ಮಾಡಿದ ಜಾಗ.

ಎಡ್ನಾ ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಬಾಗಿಲಲ್ಲೇ ನಿಂತು ವಸುಧಾ ಎಲ್ಲ ಹೇಳಿ ಮುಗಿಸುವವರೆಗೂ ಅವರ ಕೈ ನಿಲ್ಲಲಿಲ್ಲ. ಆಮೇಲೆ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟರು.

"ಅವತ್ತು ಪಿಕಪ್ಪಿನಲ್ಲೇ ಹೇಳಬಹುದಾಗಿತ್ತಲ್ಲ."

"ನೀವು ಅಳ್ತಿದ್ರಿ."

"ಅಳ್ತಿರೋರಿಗೆ ನಿಜ ಹೇಳಬಾರದು ಅಂತ ಯಾವ ಊರಿನ ಪದ್ಧತಿ ವಸು?" ದನಿ ಗಡುಸಾಗಿತ್ತು. "ಎಲ್ಲರಿಗೂ ಹೇಳಿದೆ ನಾನು. ಅಂಗಡಿಯವನಿಗೆ ಹೇಳಿದೆ. ಲ್ಯಾನ್ಸಿಂಗಿನಲ್ಲಿರೋ ನನ್ನ ತಂಗಿಗೆ ಹೇಳಿದೆ. ಆ ಬ್ಯಾಂಡೇಜ್ ಎಲ್ಲ..."

ಎಡ್ನಾ ಕಿಟಕಿಯ ಹತ್ತಿರ ಕೂತು ಕತ್ತರಿ ತೆಗೆದುಕೊಂಡು ಅಂಚಿನ ಹೊಲಿಗೆ ಬಿಚ್ಚತೊಡಗಿದರು. ವಸುಧಾ ಹತ್ತಿರ ಹೋಗಿ ನೆಲದ ಮೇಲೆ ಕೂತು ಅಂಗೈ ಒಡ್ಡಿದಳು. ಎಡ್ನಾ ಅವಳ ಕಡೆ ನೋಡಲಿಲ್ಲ; ಆದರೆ ಬಿಚ್ಚಿದ ಗುಂಡುಗಳನ್ನು ಒಂದೊಂದಾಗಿ ಆ ಅಂಗೈಯಲ್ಲೇ ಹಾಕಿದರು. ಇಸ್ತ್ರಿಯ ಶಾಖಕ್ಕೆ ಅವು ಇನ್ನೂ ಬಿಸಿಯಾಗಿದ್ದವು.

"ಹಾರ್ಲನ್ನಿಗೆ ಬೇಕಂತೆ" ಎಂದರು ಕೊನೆಗೆ. "ನಾಳೆ ಮಧ್ಯಾಹ್ನ ಹೇಗೂ ಕೊಳ ಖಾಲಿ ಇರುತ್ತಲ್ಲ."

ಭಾನುವಾರ ಬೆಳಿಗ್ಗೆ ಪಿಕಪ್ ಬರಲಾರದು ಎಂದು ವಸುಧಾ ನಡೆದೇ ಹೊರಟಿದ್ದಳು. ಜಲ್ಲಿ ರಸ್ತೆಯ ತಿರುವಿನಲ್ಲಿ ಅದು ಬಂದು ನಿಂತಿತು. "ಹತ್ತು. ತಡ ಆಗುತ್ತೆ" ಎಂದರು ಎಡ್ನಾ.

ಪಾಸ್ಟರ್ ಮೊದಲೇ ವಿಷಯ ಹೇಳಿಬಿಟ್ಟರು. "ನಮ್ಮ ವಸು ಅವತ್ತು ಮುಂದೆ ಬಂದದ್ದು ಅವರ ಮನೆಯ ಮರ್ಯಾದೆಯ ಪ್ರಕಾರ. ಕಥೆ ಹೇಳಿದವನಿಗೆ ವಂದನೆ ಹೇಳೋಕೆ. ನಾನು ಅವಳನ್ನು ಸರಿಯಾಗಿ ಕೇಳಿ ತಿಳಿದುಕೊಳ್ಳದೆ ನನಗೆ ಬೇಕಾದ ಹಾಗೆ ತಿಳಿದುಕೊಂಡೆ. ತಪ್ಪು ನನ್ನದು. ಅವಳನ್ನು ಯಾರೂ ಬೇರೆ ಕಣ್ಣಿನಿಂದ ನೋಡಬಾರದು." ಬೆಂಚುಗಳ ಮೇಲೆ ರಟ್ಟಿನ ಬೀಸಣಿಗೆಗಳು ಒಂದು ಕ್ಷಣ ನಿಂತು ಮತ್ತೆ ಆಡಿದವು. ತಾನು ಸುಮ್ಮನಿದ್ದ ದಿನಗಳನ್ನೆಲ್ಲ ಅವರು ತಮ್ಮ ಹೆಗಲಿಗೆ ಹಾಕಿಕೊಂಡದ್ದನ್ನು ವಸುಧಾ ತಲೆತಗ್ಗಿಸಿ ಕೇಳಿದಳು. ಎದ್ದು ನಿಂತು ಅಲ್ಲ ಎನ್ನಬೇಕು ಅನಿಸಿತು. ಮತ್ತೊಮ್ಮೆ ಆ ಜನರ ಮುಂದೆ ಎದ್ದು ನಿಲ್ಲುವ ಧೈರ್ಯ ಬರಲಿಲ್ಲ.

ಆಮೇಲೆ ಅವರು ಗ್ರಂಥ ತೆರೆದು ಮಾತು ಶುರುಮಾಡಿದರು.

ವಸುಧಾ ಕಾದಳು. ಇನ್ನೇನು ಏರುತ್ತದೆ ಎನ್ನುವ ಕಡೆ ಅದು ಏರಲಿಲ್ಲ. ಸಾಲಿನ ತುದಿಗೆ ಉಸಿರಿನ ಪೆಟ್ಟು ಬೀಳಲಿಲ್ಲ. ಹಾಲಿನ ಲೆಕ್ಕ ಒಪ್ಪಿಸುವವರ ಹಾಗೆ, ಒಂದು ಮಾತಿನ ಪಕ್ಕ ಇನ್ನೊಂದು ಮಾತನ್ನು ಇಡುತ್ತ ಅವರು ಹೇಳುತ್ತ ಹೋದರು. ಹಾರ್ಲನ್ ಆಕಳಿಸಿದರು. ಹಿಂದೆ ಯಾರೋ ಕೆಮ್ಮಿದರು. ಎಡ್ನಾ ಒಮ್ಮೆ ತಲೆಯೆತ್ತಿ, ಹುಷಾರಿಲ್ಲವೇ ಎನ್ನುವ ಹಾಗೆ ಪಾಸ್ಟರ್ ಕಡೆ ನೋಡಿದರು. ಆ ಬೆಟ್ಟದ ಇಂಗ್ಲಿಷಿನ ಒಂದೊಂದು ಮಾತೂ ಅವತ್ತು ವಸುಧಾಳಿಗೆ ಬಿಡಿಬಿಡಿಯಾಗಿ ಅರ್ಥವಾಯಿತು. ಅಂಥದ್ದು ಅದೇ ಮೊದಲು.

ಕೊನೆಯ ಪ್ರಾರ್ಥನೆಯಲ್ಲಿ, ಎಲ್ಲರೂ ಕಣ್ಣು ಮುಚ್ಚಿದ್ದಾಗ, ದನಿ ತಾನಾಗಿ ಒಂದು ಮೆಟ್ಟಿಲು ಹತ್ತಿತು. ವಸುಧಾಳ ಬಲಗಾಲ ಹೆಬ್ಬೆರಳು ಬೆಂಚಿನ ಕೆಳಗೆ ತಾಳ ಹಾಕತೊಡಗಿತು. ಪಾಸ್ಟರ್ ಕೆಮ್ಮಿದರು. ಕೆಮ್ಮಿ ದನಿಯನ್ನು ಕೆಳಗೆ ತಂದುಕೊಂಡು ಪ್ರಾರ್ಥನೆ ಮುಗಿಸಿದರು. ವಸುಧಾ ಎಡಗಾಲನ್ನು ಬಲಗಾಲಿನ ಮೇಲಿಟ್ಟು ಅದುಮಿ ಹಿಡಿದಳು.

ಬಾಗಿಲಲ್ಲಿ ಅವರು ಎಲ್ಲರ ಕೈಕುಲುಕುತ್ತ ನಿಂತಿದ್ದರು. ಅವಳ ಸರದಿ ಬಂದಾಗ ಕೇಳಿದರು: "ಇವತ್ತು ಅರ್ಥ ಆಯ್ತಾ ವಸು?"

"ಆಯ್ತು ಪಾಸ್ಟರ್. ಒಂದೊಂದು ಮಾತೂ ಅರ್ಥ ಆಯ್ತು."

"ಹಾಗಾದರೆ ಒಳ್ಳೇದು" ಎಂದರು. ಅವರ ಮುಖದಲ್ಲಿ ನಿಜವಾಗಿಯೂ ಸಮಾಧಾನ ಕಂಡಿತು. "ಹಾಗೇ ಇರಬೇಕು."

ಅಭ್ಯಾಸದಂತೆ ಅವಳ ಎರಡೂ ಕೈ ಒಂದನ್ನೊಂದು ಹುಡುಕಿಕೊಂಡು ಎದೆಯವರೆಗೆ ಎದ್ದಿದ್ದವು. ಅವಳು ಅವನ್ನು ಅಲ್ಲೇ ತಡೆದು, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಮೆಟ್ಟಿಲಿಳಿದು ಪಿಕಪ್ಪಿನ ಕಡೆ ನಡೆದಳು.